ಬುತ್ತಿಯ ಚೀಲ

ಛಾಯಾಚಿತ್ರ ತೆಗೆಯುವ ಹುಚ್ಚುಳ್ಳವನ ಮನೆಯಲ್ಲಿ ಕ್ಯಾಮೆರಾದ ಸಲುವಾಗಿ ಒಮ್ಮೆ ಜಗಳವಾದರೆ ಅದನ್ನಿಡುವ ಚೀಲದ ಸಲುವಾಗಿ ನಾಲ್ಕು ಸಲ ಆಗುವದು. ಕ್ಯಾಮೆರಾ ಕೊಂಡದ್ದಕ್ಕೆ ಹೇಗೋ ಕ್ಷಮೆ ಸಿಕ್ಕೀತು. ಬರಿಯ ಚೀಲಕ್ಕೆ ಇಷ್ಟು ಹಣವೇ ಎಂಬ ಪ್ರಶ್ನೆಗೆ ಮಾತ್ರ ಯಾವ ಗಂಡಸಿನಲ್ಲಿಯೂ ಉತ್ತರವಿರುವದಿಲ್ಲ. ನನ್ನಲ್ಲಿಯೂ ಇರಲಿಲ್ಲ.

ನನ್ನ ಮೊದಲನೆಯ ಚೀಲವು ಕರಿಯ ನಾಯ್ಲಾನಿನದು. ದಪ್ಪನಾದ ಸ್ಪಂಜಿನ ಗೋಡೆಗಳು, ನಾಲ್ಕೂ ಕಡೆಗೆ ಜಿಪ್ಪುಗಳು, ಮುಚ್ಚಳದ ಮೇಲೆ ಕ್ಯಾಮೆರಾ ಕಂಪನಿಯ ಹೆಸರು ಅಂಗೈಯಗಲದ ಅಕ್ಷರಗಳಲ್ಲಿ. ಆ ಹೆಸರನ್ನು ಹೆಗಲಿಗೆ ಹಾಕಿಕೊಂಡು ಸಂತೆಯಲ್ಲಿ ತಿರುಗುವದೆಂದರೆ, ‘ಬಂಗಾರವು ಎಡಗಡೆಯ ಪೆಟ್ಟಿಗೆಯಲ್ಲಿದೆ’ ಎಂದು ಬಾಗಿಲಿಗೆ ಬರೆದು ಊರಿಗೆ ಹೋದಂತೆಯೇ ಸರಿ. ಒಂದು ಸಂಜೆ ಜನರ ನೂಕುನುಗ್ಗಲಿನಲ್ಲಿ ಯಾರೋ ಪುಣ್ಯಾತ್ಮನು ಅದರ ಮಗ್ಗುಲನ್ನು ಬ್ಲೇಡಿನಿಂದ ಸೀಳಿ ಸಣ್ಣ ಲೆನ್ಸೊಂದನ್ನು ಒಯ್ದನು. ಮನೆಗೆ ಬಂದು ಚೀಲವನ್ನು ಇಳಿಸುವವರೆಗೆ ನನಗೆ ಸುದ್ದಿಯೇ ಇರಲಿಲ್ಲ.

ಹೋದದ್ದು ಲೆನ್ಸಷ್ಟೇ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಹುಬ್ಬಳ್ಳಿಯ ಕೃಷಿ ಉತ್ಪನ್ನ ಮಾರುಕಟ್ಟೆಯು ಅಮರಗೋಳದಲ್ಲಿರುವದು ವಾಚಕರಲ್ಲಿ ಅನೇಕರಿಗೆ ತಿಳಿದಿದ್ದೀತು. ಅಲ್ಲಿಯ ಉಳ್ಳಾಗಡ್ಡಿಯ ಗುಡ್ಡೆಗಳು, ಒಣಮೆಣಸಿನಕಾಯಿಯ ಕೆಂಪು, ಲಿಲಾವಿನ ಕೂಗು, ಬೆನ್ನು ಬಾಗಿಸಿ ಚೀಲ ಹೊರುವ ಹಮಾಲರು, ಸಾಲಾಗಿ ಕುಳಿತು ಕಾಯಿಗಳನ್ನು ಆರಿಸುವ ಹೆಣ್ಣುಮಕ್ಕಳು: ಚಿತ್ರ ತೆಗೆಯುವವನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಆದರೆ ನಾನು ಆ ಕರಿಯ ಚೀಲದೊಡನೆ ಒಳಗೆ ಕಾಲಿಟ್ಟೊಡನೆಯೇ ಮಾರುಕಟ್ಟೆಯು ಮಾರುಕಟ್ಟೆಯಾಗಿ ಉಳಿಯುತ್ತಿರಲಿಲ್ಲ. ಹುಡುಗರು ಸಾಲಾಗಿ ನಿಂತು ಹಲ್ಲು ಕಿರಿಯುತ್ತಿದ್ದರು. “ಯಾವ ಪೇಪರಿನವ್ರ್ರೀ ಸಾಹೇಬ್ರ?” ಎಂದು ಅಡತಿಯ ಗುಮಾಸ್ತನು ಸಂಶಯದಿಂದ ಕೇಳುತ್ತಿದ್ದನು. ಹೆಣ್ಣುಮಕ್ಕಳ ಕೈ ನಿಂತು, ಮಾತು ನಿಂತು, ಸೆರಗು ಮೇಲಕ್ಕೇರುತ್ತಿದ್ದಿತು.

ಹೀಗೆ ಬರಿಗೈಯಿಂದ ಮರಳಿದ ಒಂದು ಮಧ್ಯಾಹ್ನ ಅಮರಗೋಳದ ಬನಶಂಕರಿಯ ಹಳೆಯ ಕಲ್ಲುಗುಡಿಯ ನೆರಳಿನಲ್ಲಿ ಕುಳಿತಾಗ ನನಗೆ ಬಿಗ್ಸ್ ಸಾಹೇಬನ ನೆನಪಾಯಿತು. ಈತನು 1855ರಲ್ಲಿ ಮುಂಬಯಿ ಸರಕಾರದ ಪರವಾಗಿ ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಛಾಯಾಚಿತ್ರ ತೆಗೆದ ಸೈನ್ಯಾಧಿಕಾರಿ. ಅದೇ ವರ್ಷದ ಕೊನೆಗೆ ಆ ಕೆಲಸವು ಡಾಕ್ಟರ ಪಿಗೂ ಎಂಬವನ ಪಾಲಿಗೆ ಬಂದಿತು. ಇವರಿಬ್ಬರ ಹಾಗೂ ನೀಲ್ ಎಂಬವನ ಚಿತ್ರಗಳು ಕೂಡಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಮರದ ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಔಷಧಿಯ ಶೀಸೆಗಳು. ಯಾರಿಗೂ ಕಾಣದಂತೆ ಊರನ್ನು ಹೊಗುವದು ಆ ಕಾಲದವರಿಗೆ ಸಾಧ್ಯವೇ ಇರಲಿಲ್ಲ. ಕಲ್ಲಿನ ದೇವರುಗಳು ಸೆರಗು ಸರಿಮಾಡಿಕೊಳ್ಳುವದಿಲ್ಲವಾದುದರಿಂದ ಅವರ ಕೆಲಸಕ್ಕೆ ಬಾಧೆ ಬರಲಿಲ್ಲವೆನ್ನಬೇಕು. 1925ರಲ್ಲಿ ಲೈಕಾ ಎಂಬ ಪುಟ್ಟ ಯಂತ್ರವು ಪೇಟೆಗೆ ಬಂದ ಮೇಲೆ ಕ್ಯಾಮೆರಾವು ಅಂಗಿಯ ಕಿಸೆಯವರೆಗೆ ಇಳಿಯಿತು. ಆಮೇಲೆ ಚೀಲಗಳೂ ಜಾಣತನ ಕಲಿತವು. ಇಂಗ್ಲಂಡಿನ ಬಿಲ್ಲಿಂಗ್‌ಹ್ಯಾಮ್ ಎಂಬವರು 1970ರ ದಶಕದಲ್ಲಿ ಹೊಲಿಯುತ್ತಿದ್ದುದು ಮೀನು ಹಿಡಿಯುವವರ ಚೀಲಗಳನ್ನು. ಅವುಗಳನ್ನು ಛಾಯಾಗ್ರಾಹಕರು ಕೊಳ್ಳುತ್ತಿರುವದು ತಿಳಿದ ಬಳಿಕ ಅವರು ತಮ್ಮ ಕಸುಬನ್ನೇ ಆ ಕಡೆಗೆ ತಿರುಗಿಸಿದರು. ಅದೇ ದಶಕದಲ್ಲಿ ಅಮೇರಿಕೆಯ ಪತ್ರಿಕಾ ಛಾಯಾಗ್ರಾಹಕನಾದ ಡೊಮ್ಕೆ ಎಂಬವನು ಸ್ಪಂಜಿನ ಗೋಡೆಗಳನ್ನು ಬಿಟ್ಟುಕೊಟ್ಟು ಮೆತ್ತನೆಯ ಕ್ಯಾನ್ವಾಸಿನ ಚೀಲವನ್ನು ಮಾಡಿಸಿದನು. ಅದು ಮೈಗೆ ಅಂಟಿಕೊಂಡು ಕೂಡ್ರುವದು. ಅದರ ಹೆಗಲಪಟ್ಟಿಯು ಚೀಲದ ಅಡಿಯನ್ನೇ ಸುತ್ತಿ ಬರುವದರಿಂದ ಭಾರವು ಹೊಲಿಗೆಯ ಮೇಲೆ ಬೀಳದೆ ಪಟ್ಟಿಯ ಮೇಲೆಯೇ ಬೀಳುವದು.

ಅಡಿಯನ್ನು ಸುತ್ತಿದ ಪಟ್ಟಿ! ಇದು ನಮ್ಮಲ್ಲಿಯೂ ಆಗಬಹುದಾದ ಕೆಲಸವಲ್ಲವೇ ಎಂದು ನಾನು ಹುಬ್ಬಳ್ಳಿಯಲ್ಲಿ ತಾಡಪತ್ರಿ ಹೊಲಿಯುವವರೊಬ್ಬರ ಬಳಿಗೆ ಹೋದೆನು. ಲಾರಿಯ ಹೊದಿಕೆಯನ್ನು ಹೊಲಿಯುವ ಸೂಜಿಗೆ ನನ್ನ ಚೀಲವು ಯಾವ ಲೆಕ್ಕ? ಮಣ್ಣಿನ ಬಣ್ಣದ ಹತ್ತಿಯ ಕ್ಯಾನ್ವಾಸು. ಜಿಪ್ಪಿಲ್ಲ, ಏಕೆಂದರೆ ಧೂಳು ಹೊಕ್ಕರೆ ಅದು ಹಲ್ಲು ಕಚ್ಚಿಕೊಳ್ಳುವದು. ಪರ‍್ರೆಂದು ಸದ್ದು ಮಾಡಿ ಕಿತ್ತುಬರುವ ಅಂಟುಪಟ್ಟಿಯೂ ಇಲ್ಲ. ಎರಡೂ ಮಗ್ಗುಲುಗಳನ್ನು ಮುಚ್ಚಿ ಕೆಳಗಿಳಿಯುವ ಅಗಲವಾದ ಮುಚ್ಚಳ, ಒಂದು ಹಿತ್ತಾಳೆಯ ಕೊಂಡಿ. ಮಳೆಗಾಲಕ್ಕಾಗಿ ಜೇನುಮೇಣದ ಗಟ್ಟಿಯನ್ನು ಬಟ್ಟೆಯ ಮೇಲೆಲ್ಲ ತಿಕ್ಕಿ, ಕಾಗದವನ್ನು ಹಾಸಿ ಬಿಸಿ ಇಸ್ತ್ರಿಯನ್ನು ಆಡಿಸಿದೆನು. ಮೇಣವು ನೂಲಿನೊಳಗೆ ಇಳಿದು ಹನಿಗಳು ಜಾರಹತ್ತಿದವು. ಒಳಗಿನ ಮೆತ್ತೆಯ ಚಿಂತೆಯನ್ನು ನಮ್ಮ ಮನೆಯಾಕೆ ಒಂದೇ ಮಾತಿನಲ್ಲಿ ತೀರಿಸಿದಳು: “ಕೂಸಿನ್ನ ಮಲಗಿಸಿದ ಕೌದಿ ಐತಲ್ರೀ. ಅದರಾಗ ಕೂಸು ಬೆಳದೈತಿ, ನಿಮ್ಮ ಕ್ಯಾಮೆರಾಕ್ಕ ಏನಾಗೂದೈತಿ?” ಕೌದಿಯ ತುಂಡುಗಳು ಕ್ಯಾಮೆರಾಕ್ಕೊಂದು, ಲೆನ್ಸಿಗೊಂದು ಮನೆಗಳಾದವು. ಇಷ್ಟನ್ನು ಮಾತ್ರ ಹೇಳಬೇಕು: ಎತ್ತರದಿಂದ ಬಿದ್ದರೆ ಕೌದಿಯೊಂದೇ ಸಾಲದೆಂದು ಅಡಿಯಲ್ಲಿ ಒಂದು ತೆಳುವಾದ ಸ್ಪಂಜನ್ನು ಇಟ್ಟಿದ್ದೇನೆ. ಅರಿವೆಯು ತೇವವನ್ನು ಹಿಡಿದಿಟ್ಟುಕೊಳ್ಳುವದರಿಂದ ಮಳೆಗಾಲದಲ್ಲಿ ಅದನ್ನು ಆಗಾಗ ತೆಗೆದು ಬಿಸಿಲಿಗೆ ಹಾಕದಿದ್ದರೆ ಲೆನ್ಸಿನ ಗಾಜಿಗೆ ಬೂಜು ಹಿಡಿಯುವದು ನಿಶ್ಚಯ.

ಹೊಸ ಚೀಲದೊಡನೆ ಮಾರುಕಟ್ಟೆಗೆ ಹೋದೆನು. ಯಾರೂ ತಲೆಯೆತ್ತಲಿಲ್ಲ. ಮೆಣಸಿನಕಾಯಿ ಆರಿಸುತ್ತಿದ್ದ ವೃದ್ಧೆಯೊಬ್ಬಳು ಮಾತ್ರ ನನ್ನ ಹೆಗಲನ್ನು ನೋಡಿ, “ಬುತ್ತಿ ತಂದೀಯೇನೋ ತಮ್ಮಾ? ನೆಳ್ಳಿಗೆ ಇಡು, ಹಳಸತೈತಿ” ಎಂದಳು. ನಾನು ಹಿಗ್ಗಿ ಹೋದೆನು. ಅವಳು ಮತ್ತೆ ಕಾಯಿಗಳ ಕಡೆಗೆ ತಿರುಗಿದೊಡನೆ ಮುಚ್ಚಳವನ್ನು ಸದ್ದಿಲ್ಲದೆ ಸರಿಸಿ, ಕ್ಯಾಮೆರಾವನ್ನು ತೆಗೆದು, ಅವಳ ಕೈಗಳನ್ನೂ ಮುಖವನ್ನೂ ಹಿಡಿದುಬಿಟ್ಟೆನು. ಅವಳು ನೋಡಿದಳು. “ಬುತ್ತಿ ಅಂದ್ಕೊಂಡಿದ್ದೆ. ಇದನ್ನ ಮುಚ್ಚಿಟಗೊಂಡು ಬಂದೀಯೇನು?” ಸಿಟ್ಟಿರಲಿಲ್ಲ. ಸೆರಗನ್ನು ತಲೆಯ ಮೇಲೆಳೆದುಕೊಂಡು ಅತ್ತ ಹೊರಳಿ ಕುಳಿತಳು.

ಲೆನ್ಸು ಹೋದ ದಿನ ನನಗೆ ಸಿಟ್ಟು ಬಂದಿದ್ದಿತು. ಈ ದಿನ ನಾಚಿಕೆಯಾಯಿತು. ನನ್ನ ಚೀಲವನ್ನು ಸೀಳಿದವನೂ ಕೇಳಿ ಒಯ್ದಿರಲಿಲ್ಲ. ಫ್ರಾನ್ಸಿನ ಪ್ರಖ್ಯಾತ ಛಾಯಾಗ್ರಾಹಕನಾದ ಕಾರ್ತಿಯೆ ಬ್ರೆಸಾನನು ತನ್ನ ಲೈಕಾದ ಹೊಳೆಯುವ ಭಾಗಗಳಿಗೆ ಕರಿಯ ಪಟ್ಟಿಯನ್ನು ಅಂಟಿಸಿಕೊಂಡು ತಿರುಗುತ್ತಿದ್ದನೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು. ಆದರೆ ಅಮರಗೋಳದ ಆ ಮುದುಕಿಯ ಮುಂದೆ ಬ್ರೆಸಾನನ ಸಾಕ್ಷಿಯು ನಡೆಯುವಂತಿರಲಿಲ್ಲ. ಅವಳ ಮುಂದೆಯೇ ಕುಳಿತು ಆ ಚಿತ್ರವನ್ನು ಅಳಿಸಿಹಾಕಿ ತೋರಿಸಿದೆನು. ಅವಳು ನೋಡಿದಳೋ ಇಲ್ಲವೋ, ಮಾತಾಡಲಿಲ್ಲ.

ಅಂದಿನಿಂದ ದಾರಿಯಲ್ಲಿ ಕ್ಯಾಮೆರಾ ಚೀಲದೊಳಗೆ. ಮಾರುಕಟ್ಟೆಯ ಬಾಗಿಲಿಗೆ ಬಂದೊಡನೆ ಕೊರಳಲ್ಲಿ. ಮೊದಲ ಗಳಿಗೆಯಲ್ಲಿ ಹುಡುಗರು ಈಗಲೂ ಹಲ್ಲು ಕಿರಿಯುವರು, ಆಮೇಲೆ ಅವರಿಗೇ ಬೇಸರ ಬರುವದು. ಚೀಲದ ಮೂರನೆಯ ಮನೆಯಲ್ಲಿ ಈಗ ನಿಜವಾಗಿಯೂ ಬುತ್ತಿ ಇರುತ್ತದೆ: ಎರಡು ರೊಟ್ಟಿ, ಶೇಂಗಾ ಚಟ್ನಿ. ನಾಲ್ಕನೆಯ ವಾರ ಆ ವೃದ್ಧೆಯು ಅದರಲ್ಲಿ ಅರ್ಧ ರೊಟ್ಟಿಯನ್ನು ಮುರಿದುಕೊಂಡು, “ಈಗ ತಗೀ” ಎಂದು ತಾನಾಗಿಯೇ ನೆಟ್ಟಗೆ ಕುಳಿತಳು. ಅಚ್ಚು ಹಾಕಿಸಿ ಒಯ್ದುಕೊಟ್ಟ ಚಿತ್ರವನ್ನು ದೂರ ಹಿಡಿದು ನೋಡಿ, ತನ್ನ ಸಂಚಿಯಲ್ಲಿ ಎಲೆ‑ಅಡಕೆಯ ಜೊತೆಗೆ ಮಡಿಚಿಟ್ಟಳು. ಮಡಿಚಬಾರದೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕ್ಯಾನ್ವಾಸು ಇನ್ನೂ ಗಟ್ಟಿಯಾಗಿದೆ. ಮೂಲೆಗಳು ಮಾತ್ರ ತುಸು ಬಿಳುಪೇರಿವೆ. ಒಂದೇ ತೊಂದರೆ. ಮೆಣಸಿನಕಾಯಿಯ ಘಾಟು ಮೇಣಕ್ಕೂ ಕೌದಿಗೂ ಹತ್ತಿ, ಮರಳುವಾಗ ಚಿಗರಿ ಬಸ್ಸಿನಲ್ಲಿ ನಾನು ಮುಚ್ಚಳವನ್ನೆತ್ತಿದರೆ ಪಕ್ಕದವರು ಮೂರು ಸಲ ಸೀನುವರು, ಆಮೇಲೆ ಎಲ್ಲರೂ ನನ್ನ ಚೀಲವನ್ನೇ ನೋಡುವರು.