ರದ್ದಿಯಲ್ಲಿ ಸಿಕ್ಕ ರಾಜಗೃಹ



ಹೊಸಪೇಟೆ, ಕಂಪ್ಲಿಗೆ ಹೋದ್ರೆ ನನ್ನ ಕಾಲು ತಾನಾಗೇ ರದ್ದಿ ಅಂಗಡಿ ಕಡೆ ತಿರುಗುತ್ತೆ. ಕಾಗದದ ರಾಶಿಯಲ್ಲಿ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಸಿಕ್ಕಿದ್ರೆ ಹಬ್ಬ! 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ನಿಂತುಹೋದ, ಮಾಸ್ಕೋದಲ್ಲಿ ಅಚ್ಚಾದ ಕನ್ನಡದ ಮಕ್ಕಳ ಕಥೆಗಳು ಸಿಕ್ಕಿದ್ರಂತೂ ಜಾತ್ರೆ!

ನಮ್ಮ ಕೇರಿಯಲ್ಲಿ ಅಜ್ಜನಿಂದ ಬಂದ ಪುಸ್ತಕದ ಕಪಾಟು ಯಾರ ಮನೇಲೂ ಇರಲಿಲ್ಲ. ಹಳೇ ಪುಸ್ತಕದ ಮೊದಲ ಪುಟದಲ್ಲಿ ಬೇರೆ ಬೀದಿಯ ಮಗುವಿನ ಹೆಸರಿರುತ್ತೆ. ಅದನ್ನ ಅಳಿಸಲ್ಲ. ಅದರ ಕೆಳಗೆ ಸಂಡೂರಿನ ಗಣಿ ಕೂಲಿಗಳ ಮಕ್ಕಳು ಓದಿ ಮುಗಿಸಿ ತಮ್ಮ ಹೆಸರು ಬರೀತಾರೆ. ಒಂದರಲ್ಲಿ ಈಗ ಏಳು ಹೆಸರಾಗಿವೆ.

ಬಾಬಾಸಾಹೇಬರು ಮುಂಬಯಿಯ ರಾಜಗೃಹ ಕಟ್ಟಿಸುವಾಗ ಪುಸ್ತಕಗಳಿಗೆ ಜಾಗ ಮಾಡಿದರು. ನಮ್ಮ ರಾಜಗೃಹ ಸದ್ಯಕ್ಕೆ ಒಂದು ತಗಡಿನ ಟ್ರಂಕು. ನಿಮ್ಮ ಅಟ್ಟದ ಮೇಲಿರೋ ಮಕ್ಕಳ ಪುಸ್ತಕ ತೂಕಕ್ಕೆ ಹಾಕ್ಬೇಡಿ, ಕೇರಿಗೆ ಕೊಡಿ.