ನಡುಗಿದ್ದು ಕೈಯೋ, ಚಕ್ರವೋ?

ತಮ್ಮನ ಮಗ ಬೆಂಗಳೂರಿನಿಂದ ಮಧುಗಿರಿಗೆ ಕೆಂಪು ಕಾರೊಂದನ್ನು ತಂದು ನಿಲ್ಲಿಸಿದಾಗ ಬೀದಿಯ ಮಕ್ಕಳೆಲ್ಲ ಮುತ್ತಿಕೊಂಡರು. ಎರಡೇ ಸೀಟು, ತಲೆಯ ಮೇಲೆ ಮಡಚಿಡುವ ಬಟ್ಟೆ. ಸ್ಯಾನ್ ಸ್ಟಾರ್ಮ್ ಅಂತ ಹೆಸರು. ಗೋವಾದಲ್ಲಿ ತಯಾರಾದದ್ದು, ಫೈಬರ್‌ಗ್ಲಾಸ್ ಮೈ, 1149 ಸಿಸಿಯ ರೆನೋ ಇಂಜಿನ್. ಯಾರದೋ ಶೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿಂದು ನಿಂತಿದ್ದನ್ನು ಕೊಂಡು, ಜೋಪಾನವಾಗಿ 70ರ ಒಳಗೇ ಓಡಿಸಿಕೊಂಡು ಬಂದಿದ್ದ.

"ದೊಡ್ಡಪ್ಪ, ನೀವೂ ಒಂದು ಕೈ ನೋಡಿ" ಎಂದ. ಕೊರಟಗೆರೆ ರಸ್ತೆಯಲ್ಲಿ, ಪಾವಗಡದ ಕಡೆ ಮಿಡಿಗೇಶಿಯ ತನಕ, ಬೆಣ್ಣೆಯ ಹಾಗೆ ಹೋಯಿತು. ಮರುದಿನ ಶಿರಾ ಹತ್ತಿರ ಹೆದ್ದಾರಿಗೆ ಏರಿಸಿದೆ. ಮುಳ್ಳು 85 ದಾಟಿತೋ ಇಲ್ಲವೋ, ಸ್ಟೀರಿಂಗ್ ಗಡಗಡ.

"ನಿಮ್ಮ ಕೈ ನಡುಗ್ತಿದೆ ದೊಡ್ಡಪ್ಪ, ಪಕ್ಕಕ್ಕೆ ನಿಲ್ಲಿಸಿ."

ಮಾತು ಚುಚ್ಚಿತು, ಏಕೆಂದರೆ ಅದು ಪೂರ್ತಿ ಸುಳ್ಳಲ್ಲ. ಬ್ಯಾಂಕಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬೇರೆಯವರ ಸಹಿಗಳನ್ನು ಹೋಲಿಸಿ ನೋಡಿದವನು ನಾನು. ಈಚೆಗೆ ನನ್ನ ಸಹಿಯೇ ನನ್ನ ಹಳೆಯ ಸಹಿಗೆ ಹೊಂದುತ್ತಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಇಳಿದು, ಅವನನ್ನೇ ಓಡಿಸಲು ಕೂರಿಸಿದೆ. 85ಕ್ಕೆ ಅವನ ಕೈಯೂ ಗಡಗಡ ಎಂದಿತು. ನನಗೆಷ್ಟು ಸಮಾಧಾನವಾಯಿತು ಎಂದು ಹೇಳಿಕೊಳ್ಳಬಾರದು!

ಸಂಜೆ ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದೆವು. ಶೇಷ ಉಳಿಯದಿದ್ದರೆ ಯಾರೋ 54 ಬರೆಯುವಲ್ಲಿ 45 ಬರೆದಿರಬೇಕೆಂಬ ಅನುಮಾನ. ಇಡೀ ಪುಸ್ತಕ ಹುಡುಕುವುದಲ್ಲ, ಅನುಮಾನಗಳನ್ನು ಒಂದೊಂದಾಗಿ ಹೊಡೆದುಹಾಕುವುದು. ಕಾರಿಗೂ ಹಾಗೇ ಮಾಡಿದೆ. ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿಸಿದೆ. ಇಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಹಾಗಾದರೆ ಇಂಜಿನ್ ಅಲ್ಲ. ಮೆಲ್ಲಗೆ ಬ್ರೇಕ್ ಒತ್ತಿದರೂ ನಡುಕ ಹೆಚ್ಚಲಿಲ್ಲ. ಬ್ರೇಕ್ ಡಿಸ್ಕಿನ ಮೇಲಿನ ಅನುಮಾನವೂ ಬಿತ್ತು. ಉಳಿದದ್ದು ಚಕ್ರ.

ಶಿರಾದ ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್ ಮಾಡಿಸಿದೆವು. ಯಂತ್ರ ಎರಡೂ ಕಡೆ ಸೊನ್ನೆ ತೋರಿಸಿತು. ಹೆದ್ದಾರಿಯಲ್ಲಿ ಮತ್ತದೇ ರಾಗ. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆ. ಈಗ ಸ್ಟೀರಿಂಗ್ ಶಾಂತ, ಕುಳಿತ ಸೀಟು ಗಡಗಡ! ಕಳ್ಳ ಮುಂದಿನಿಂದ ಹಿಂದಕ್ಕೆ ಹೋಗಿದ್ದ.

ಏಳನೆಯ ತರಗತಿಯ ಮೊಮ್ಮಗಳಿಗೆ ಕಾರಿನಲ್ಲಿ ಜಾಗವಿಲ್ಲವೆಂಬ ಸಿಟ್ಟು. ಕಳ್ಳನನ್ನು ಹಿಡಿಯುವ ಕೆಲಸ ಅವಳಿಗೇ ಕೊಟ್ಟೆ. ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನದನ್ನು ಜಾಕಿನಿಂದ ಎತ್ತಿದೆವು. ಅವಳು ಇಟ್ಟಿಗೆಯ ಮೇಲೆ ಸೀಮೆಸುಣ್ಣವನ್ನು ಅಲುಗದಂತೆ ಊರಿ, ಟೈರಿಗೆ ತಾಗಿಯೂ ತಾಗದ ಹಾಗೆ ಹಿಡಿದಳು. ನಾನು ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿದೆ. ಗುಂಡಗಿದ್ದರೆ ಸುತ್ತಲೂ ಬಿಳಿ ಗೆರೆ ಬೀಳಬೇಕು. ಬಲಗಡೆಯದಕ್ಕೆ ಬಿತ್ತು. ಎಡಗಡೆಯದಕ್ಕೆ ಗೇಣುದ್ದ ಮಾತ್ರ!

"ಅಜ್ಜ, ಇದು ಗುಂಡಗಿಲ್ಲ!"

ಯಂತ್ರ ತೂಕವನ್ನು ಸರಿದೂಗಿಸಿತ್ತು, ಆಕಾರವನ್ನಲ್ಲ. ಮೇಲೆ ನೋಡಿದರೆ ಟೈರಿನ ಗೆರೆಗಳು ಹೊಸದರಂತಿದ್ದವು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿಸಿದೆ: 1411. ಎಂದರೆ 2011ರ 14ನೇ ವಾರದಲ್ಲಿ ತಯಾರಾದದ್ದು. ಅವಧಿ ಮೀರಿದ ಚೆಕ್ಕು. ನಿಮ್ಮ ಮನೆಯ ಗಾಡಿಯಲ್ಲೂ ಈ ಅಂಕಿ ಇರುತ್ತದೆ, ಹುಡುಕಿ.

"ಹಾಗಾದ್ರೆ 50ರಲ್ಲಿ ಯಾಕೆ ನಡುಗಲಿಲ್ಲ?" ಒಳ್ಳೆಯ ಪ್ರಶ್ನೆ. 90ರಲ್ಲಿ ಅಷ್ಟು ಚಿಕ್ಕ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ, 14 ಸಲ ಗುದ್ದುತ್ತದೆ. ಜೋಕಾಲಿಗೆ ಸರಿಯಾದ ಹೊತ್ತಿಗೆ ತಳ್ಳಿದರೆ ಎತ್ತರ ಏರುತ್ತದಲ್ಲ, ಹಾಗೆ ಗಾಡಿಯ ಸಹಜ ತೂಗಾಟಕ್ಕೆ ಗುದ್ದು ಹೊಂದಿಕೊಂಡ ವೇಗದಲ್ಲೇ ನಡುಕ ಜೋರು. ಸೂರಿಲ್ಲದ ಕಾರಿನಲ್ಲಿ ಇನ್ನೂ ಜೋರು. ಚಪ್ಪಲಿಯ ರಟ್ಟಿನ ಡಬ್ಬವನ್ನು ಎರಡು ತುದಿ ಹಿಡಿದು ತಿರುಚಿ ನೋಡಿ. ಮುಚ್ಚಳವಿದ್ದಾಗ ಗಟ್ಟಿ, ತೆಗೆದರೆ ಬಳುಕುತ್ತದೆ.

ನಾಲ್ಕೂ ಟೈರು ಹೊಸದಾಗಿ ಹಾಕಿಸಿದೆವು. ಶಿರಾ ಹೆದ್ದಾರಿಯಲ್ಲಿ ತಮ್ಮನ ಮಗ ತಾನಾಗಿಯೇ ಸ್ಟೀರಿಂಗ್ ಬಿಟ್ಟುಕೊಟ್ಟ. 95ರಲ್ಲೂ ಅಲುಗಲಿಲ್ಲ. ಆಮೇಲೆ ಕಾಫಿಗೆ ನಿಲ್ಲಿಸಿದಾಗ ಲೋಟ ನನ್ನ ಕೈಯಲ್ಲಿ ತುಸು ತುಳುಕಿತು. ಅವನು ನೋಡಿದ, ಏನೂ ಅನ್ನಲಿಲ್ಲ. "ಇದಕ್ಕೂ ಯಾರಿಗಾದರೂ ತೋರಿಸಬೇಕು ಕಣೋ" ಎಂದು ನಾನೇ ಹೇಳಿದೆ. ಸೋಮವಾರ ತುಮಕೂರಿನ ಡಾಕ್ಟರ ಬಳಿ ಹೋಗುವುದೆಂದಾಯಿತು.