ಪ್ರೊಸೆಸರ್ ಬದಲಿಸುವ ಮುನ್ನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲಿ ಅಡಿಕೆ ದುಡ್ಡು, ಜಗಳೂರಿನಲ್ಲಿ ಮೆಕ್ಕೆಜೋಳದ ದುಡ್ಡು ಕೈಗೆ ಬಂದಾಗ ಗೇಮ್ ಆಡುವ ಹುಡುಗರಿಗೆ ಹೊಸ ಪ್ರೊಸೆಸರ್ ಆಸೆ ಹುಟ್ಟುವುದು ಸಹಜ. ತಮ್ಮಂದಿರೇ, ದಾವಣಗೆರೆ ಬಸ್ ಹತ್ತುವ ಮೊದಲು ಒಂದು ಪರೀಕ್ಷೆ ಮಾಡಿ.

ಫ್ರೇಮ್ ಮಿತಿ ತೆಗೆದು, ಗೇಮಿನ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ. ಫ್ರೇಮ್‌ಗಳು ಚೆನ್ನಾಗಿ ಏರಿದರೆ ಭಾರ ಬಿದ್ದಿರುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಪ್ರೊಸೆಸರ್ ಬದಲಿಸಿ ಹೆಚ್ಚು ಲಾಭವಿಲ್ಲ. ಫ್ರೇಮ್‌ಗಳು ಏರದೆ ಅಲ್ಲೇ ನಿಂತರೆ ಪ್ರೊಸೆಸರೇ ತಡೆ.

ಆಗಲೂ ಮದರ್‌ಬೋರ್ಡ್ ನೋಡಿ. 2017ರ ಹಲವು ಎಎಂ4 ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಆದರೆ 2022ರ ರೈಜನ್ 5 5600 ಅನ್ನೂ ಒಪ್ಪುತ್ತವೆ. ಬೋರ್ಡ್, ರ‍್ಯಾಮ್ ಎರಡನ್ನೂ ಬದಲಿಸಬೇಕಾದರೆ ಖರ್ಚಿನ ಲೆಕ್ಕವೇ ಬೇರೆ.

60 ಹರ್ಟ್ಸ್ ಮಾನಿಟರ್‌ನಲ್ಲಿ ಆಟ 60 ಫ್ರೇಮ್‌ಗೆ ತಡವರಿಸದೆ ಓಡುತ್ತಿದ್ದರೆ, ಅಪ್ಪ-ಅಮ್ಮ ಬೆವರು ಸುರಿಸಿದ ದುಡ್ಡು ಮನೆಯಲ್ಲೇ ಇರಲಿ.